ಸಮ ಎಲ್ಲಿದೆಯೆಂದು ಓದುವವರಿಗೆ ಗೊತ್ತಿರಬೇಕು

(ಸಸ್ಪೆನ್ಸ್ ಕಾದಂಬರಿಯ ಕಟ್ಟಡಕ್ಕೆ ಸಂಗೀತದಿಂದ ಏನು ಸಿಗುತ್ತದೆ ಎಂಬ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ)

ಸಸ್ಪೆನ್ಸ್ ಮತ್ತು ಸಂಗೀತ ಎಂದು ಒಟ್ಟಿಗೆ ಹೇಳಿದ ಕೂಡಲೇ ಹೆಚ್ಚಿನವರಿಗೆ ಸಿನಿಮಾದ ಹಿನ್ನೆಲೆ ಸಂಗೀತ ನೆನಪಾಗುತ್ತದೆ. ಹಿಚ್‌ಕಾಕ್ ಅವರ 1960ರ ‘ಸೈಕೋ’ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳನ್ನು ಇಟ್ಟುಕೊಂಡು ಸಂಗೀತ ಮಾಡಿದರು. ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಎಂದುಕೊಂಡಿದ್ದ ಹಿಚ್‌ಕಾಕ್, ಆ ಪಿಟೀಲುಗಳನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದರು. ಸಿನಿಮಾದವರಿಗೆ ಇದು ದೊಡ್ಡ ಪಾಠ. ಕಾದಂಬರಿಕಾರರಿಗೆ ಇದರಿಂದ ದಕ್ಕುವುದು ಕಡಿಮೆ, ಯಾಕೆಂದರೆ ನಮ್ಮ ಪುಟದಲ್ಲಿ ಪಿಟೀಲಿಲ್ಲ. ಓದುವವರು ಬಸ್ಸಿನಲ್ಲೋ ಮಂಚದ ಮೇಲೋ ತಮ್ಮಷ್ಟಕ್ಕೆ ಓದುತ್ತಾರೆ. ಸಂಗೀತದಿಂದ ನಾವು ಪುಟಕ್ಕೆ ತರಬಹುದಾದದ್ದು ಅದರ ಲೆಕ್ಕ: ಕಾಲವನ್ನು ಹೇಗೆ ಅಳೆಯುತ್ತಾರೆ, ಬರಬೇಕಾದದ್ದನ್ನು ಹೇಗೆ ತಡೆಹಿಡಿಯುತ್ತಾರೆ, ತಡೆದದ್ದನ್ನು ಯಾವ ಗಳಿಗೆಯಲ್ಲಿ ಕೈಬಿಡುತ್ತಾರೆ. ಈ ಮೂರರಲ್ಲಿ ನಮ್ಮ ಸಂಗೀತ ಪಳಗಿರುವಷ್ಟು ಬೇರೆ ಯಾವ ಕಲೆಯೂ ಪಳಗಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಮುಂದೇನಾಗುತ್ತದೆಂದು ಗೊತ್ತಿಲ್ಲದಿರುವುದರಿಂದಲೇ ಸಸ್ಪೆನ್ಸ್ ಹುಟ್ಟುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆದ್ದರಿಂದ ಹೊಸಬರು ಎಲ್ಲವನ್ನೂ ಮುಚ್ಚಿಡುತ್ತಾರೆ. ಊರು ಯಾವುದೆಂದು ಹೇಳುವುದಿಲ್ಲ, ಮಾತಾಡುತ್ತಿರುವುದು ಯಾರೆಂದು ಹೇಳುವುದಿಲ್ಲ, ಮೂರನೆಯ ಅಧ್ಯಾಯದವರೆಗೆ ‘ಅವನು’ ಎಂದೇ ಬರೆಯುತ್ತಾರೆ. ಓದುವವರಿಗೆ ಕುತೂಹಲದ ಬದಲು ಗೊಂದಲವಾಗುತ್ತದೆ. ಒಂದು ತಬಲಾ ಕಛೇರಿಯನ್ನು ಗಮನವಿಟ್ಟು ನೋಡಿದರೆ ವಿಷಯ ತಿರುಗುಮುರುಗು ಎಂದು ತಿಳಿಯುತ್ತದೆ. ತೀನ್‌ತಾಲ ಎಂಬ ತಾಳಕ್ಕೆ 16 ಮಾತ್ರೆ, ಅಂದರೆ 16 ಎಣಿಕೆ; ಅಷ್ಟೂ ಸೇರಿದ ಒಂದು ಸುತ್ತು ಒಂದು ಆವರ್ತನ. ಮೊದಲನೆಯದು ಸಮ, ಒಂಬತ್ತನೆಯದು ಒತ್ತಿಲ್ಲದ ಖಾಲಿ. ತಬಲಾದವರು ಎಷ್ಟೇ ಸುತ್ತಿ ಬಳಸಿ ಹೋದರೂ ಸಮಕ್ಕೆ ಬಂದು ಇಳಿಯಲೇಬೇಕು, ಮತ್ತು ಅದು ಎಲ್ಲಿದೆಯೆಂದು ಸಭೆಗೆ ಗೊತ್ತು. ಲೆಹರಾ, ಅಂದರೆ ತಬಲಾದ ಜೊತೆ ಮತ್ತೆ ಮತ್ತೆ ಬರುವ ಒಂದೇ ಧಾಟಿ, ನುಡಿಸುವವರು ಅದನ್ನು ಪ್ರತಿ ಆವರ್ತನದಲ್ಲೂ ನೆನಪಿಸುತ್ತಲೇ ಇರುತ್ತಾರೆ. ಗೊತ್ತಿರುವುದರಿಂದಲೇ ಜನ ಉಸಿರು ಹಿಡಿಯುತ್ತಾರೆ. ತಾಳ ತಿಳಿಯದವರು ಅದೇ ಸಭೆಯಲ್ಲಿ ಕೂತಿದ್ದರೆ ಅವರಿಗೆ ಕೇಳುವುದು ವೇಗ ಮಾತ್ರ.

ಅಮೆರಿಕದ ಸಂಗೀತ ಚಿಂತಕ ಲಿಯೊನಾರ್ಡ್ ಮೇಯರ್ 1956ರಲ್ಲಿ ಪಾಶ್ಚಾತ್ಯ ಸಂಗೀತದ ಬಗ್ಗೆ ಬರೆಯುತ್ತ ಇಂಥದ್ದೇ ಮಾತು ಹೇಳಿದರು: ಕೇಳುಗನಲ್ಲಿ ಒಂದು ನಿರೀಕ್ಷೆ ಎದ್ದು, ಅದು ತಡೆಗೊಂಡಾಗ ಭಾವ ಹುಟ್ಟುತ್ತದೆ. ತಡೆ ಎನ್ನಬೇಕಾದರೆ ಮೊದಲು ನಿರೀಕ್ಷೆ ಇರಬೇಕಲ್ಲ. ಸಸ್ಪೆನ್ಸ್ ಬರೆಯುವವರ ಮೊದಲ ಕೆಲಸ ಮುಚ್ಚಿಡುವುದಕ್ಕಿಂತ ಹೆಚ್ಚಾಗಿ ತಾಳ ಹಿಡಿಸುವುದು.

ಇದನ್ನು ಕೈಕೆಲಸದ ಮಟ್ಟಕ್ಕೆ ಇಳಿಸೋಣ. ತಿಹಾಯಿ ಎಂದರೆ ಒಂದೇ ಬೋಲನ್ನು, ಅಂದರೆ ತಬಲಾದ ಪೆಟ್ಟುಗಳ ಸಾಲನ್ನು, ಮೂರು ಸಲ ನುಡಿಸಿ, ಮೂರನೆಯದರ ಕೊನೆಯ ಪೆಟ್ಟು ಸಮದ ಮೇಲೆ ಬೀಳುವಂತೆ ಮಾಡುವುದು. ‘ತಿಟ ಕತ ಗದಿ ಗನ ಧಾ’ ಎಂಬ ಬೋಲನ್ನು ಮಾತ್ರೆಗೊಂದರಂತೆ ನುಡಿಸಿದರೆ ಐದು ಮಾತ್ರೆ. ನಡುವೆ ಒಂದೊಂದು ಮಾತ್ರೆ ಬಿಡುವು. ಐದು, ಒಂದು, ಐದು, ಒಂದು, ಐದು: ಒಟ್ಟು 17. ಸಮದಿಂದ ಶುರು ಮಾಡಿದರೆ ‘ಧಾ’ ಬೀಳುವುದು 5ನೆಯ, 11ನೆಯ ಮತ್ತು 17ನೆಯ ಮಾತ್ರೆಗಳಲ್ಲಿ. 16 ಮಾತ್ರೆಯ ತಾಳದಲ್ಲಿ 17ನೆಯದೆಂದರೆ ಮುಂದಿನ ಸಮ. ಹೀಗೆ ಬಿಡುವು ಇರುವುದು ದಮ್‌ದಾರ್ ತಿಹಾಯಿ. ಬಿಡುವಿಲ್ಲದ ಬೇದಮ್ ತಿಹಾಯಿ ಬೇಕಿದ್ದರೆ 11 ಮಾತ್ರೆಯ ಬೋಲನ್ನು ಮೂರು ಸಲ ನುಡಿಸಬೇಕು. 33 ಆಗುತ್ತದೆ, ಎರಡು ಆವರ್ತನ ದಾಟಿ ಸಮಕ್ಕೆ ಸರಿಯಾಗಿ ಇಳಿಯುತ್ತದೆ.

ಮೊದಲನೆಯ ಧಾ ಬಿದ್ದಾಗ ಕೇಳುಗನಿಗೆ ಏನೂ ಅನ್ನಿಸುವುದಿಲ್ಲ. ಎರಡನೆಯದು ಬಿದ್ದಾಗ, ಓ, ಇದು ತಿಹಾಯಿ ಎಂದು ತಿಳಿಯುತ್ತದೆ. ಮೂರನೆಯದು ಎಲ್ಲಿ ಬೀಳಬೇಕೆಂದು ಮನಸ್ಸು ಆಗಲೇ ಲೆಕ್ಕ ಹಾಕಿರುತ್ತದೆ. ಎರಡನೆಯ ಮತ್ತು ಮೂರನೆಯ ಧಾ ನಡುವಿನ ಜಾಗವೇ ಸಸ್ಪೆನ್ಸ್ ಇರುವ ಜಾಗ.

34 ಅಧ್ಯಾಯದ ಕಾದಂಬರಿಯೊಂದನ್ನು ಕಲ್ಪಿಸಿಕೊಳ್ಳಿ. ತೀರ್ಥಹಳ್ಳಿ ಕಡೆಯ ಒಂದು ಹೆಂಚಿನ ಮನೆ. ಮನೆಯ ಯಜಮಾನರು ಕಾಣೆಯಾಗಿದ್ದಾರೆ, ಮಗಳು ಬೆಂಗಳೂರಿನಿಂದ ಬಂದಿದ್ದಾಳೆ, ಸೋದರಮಾವ ತೋಟ ನೋಡಿಕೊಳ್ಳುತ್ತಿದ್ದಾನೆ. ತಿಹಾಯಿಯ ಲೆಕ್ಕವನ್ನು ಇಮ್ಮಡಿ ಮಾಡಿದರೆ ಧಾ ಬೀಳುವುದು 10, 22 ಮತ್ತು 34ನೆಯ ಅಧ್ಯಾಯಗಳಲ್ಲಿ. 10ರಲ್ಲಿ ಅಟ್ಟದ ಬಾಗಿಲಿನ ಚಿಲಕ ಹೊರಗಿನಿಂದ ತೆಗೆದಿರುವುದು ಕಾಣುತ್ತದೆ, ಅಷ್ಟೆ. 22ರಲ್ಲಿ ಮತ್ತೆ ತೆಗೆದಿದೆ; ಮರುದಿನ ಒಬ್ಬರ ಜೀವ ಹೋಗಿರುವುದು ತಿಳಿಯುತ್ತದೆ. ಅಲ್ಲಿಂದಾಚೆಗೆ ಚಿಲಕದ ಪ್ರಸ್ತಾಪ ಬಂದರೆ ಸಾಕು, ಓದುವವರ ಮೈ ಬಿಗಿಯುತ್ತದೆ. ಎರಡೇ ಸಲ ಬಂದರೆ ಕಾಕತಾಳೀಯ ಅನ್ನಿಸುತ್ತದೆ, ನಾಲ್ಕು ಸಲ ಬಂದರೆ ಬೇಸರ. ಅಂತರ ಏರುಪೇರಾಗಿ ಧಾ 10, 12, 34ನೆಯ ಅಧ್ಯಾಯಗಳಲ್ಲಿ ಬಿದ್ದರೆ ಎರಡನೆಯದು ಮೊದಲನೆಯದಕ್ಕೆ ಅಂಟಿಕೊಂಡು, ಮೂರನೆಯದರ ಹೊತ್ತಿಗೆ ಮರೆತೇ ಹೋಗಿರುತ್ತದೆ.

ತಬಲಾದವರು ತಿಹಾಯಿ ಕಟ್ಟುವುದು ಸಮದಿಂದ ಹಿಂದಕ್ಕೆ ಎಣಿಸಿ. ಎಲ್ಲಿ ಎತ್ತಿಕೊಳ್ಳಬೇಕೆಂಬುದು ಎಲ್ಲಿ ಇಳಿಯಬೇಕೆಂಬುದರಿಂದ ತೀರ್ಮಾನವಾಗುತ್ತದೆ. ಕಾದಂಬರಿಯಲ್ಲೂ ಕೊನೆಯ ಧಾ ಯಾವುದು, ಯಾವ ಪುಟದ ಯಾವ ವಾಕ್ಯದಲ್ಲಿ ಎಂದು ಮೊದಲು ಬರೆದಿಟ್ಟುಕೊಂಡು ಹಿಂದಕ್ಕೆ ಬನ್ನಿ. ಇಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪೆಂದರೆ ಕೊನೆಯಲ್ಲಿ ವಿವರಣೆ ಜಾಸ್ತಿಯಾಗಿ ಪೆಟ್ಟು ಸಮ ದಾಟಿ ಬೀಳುವುದು. ಚಿಲಕ ಮೂರನೆಯ ಸಲ ತೆಗೆದಿದೆ, ಒಳಗೆ ಮಾವ ನಿಂತಿದ್ದಾನೆ. ಅದಾದ ಮೇಲೆ ಅವನು ಯಾಕೆ, ಹೇಗೆ, ಎಂದಿನಿಂದ ಎಂದು ನಾಲ್ಕು ಪುಟ ವಿವರಿಸುತ್ತಾನೆ. ಆ ನಾಲ್ಕು ಪುಟದ ಮುಕ್ಕಾಲು ಭಾಗ 34ನೆಯ ಅಧ್ಯಾಯಕ್ಕಿಂತ ಮುಂಚೆಯೇ, ಬೇರೆ ಬೇರೆ ಬಾಯಲ್ಲಿ, ಬಿಡಿಬಿಡಿಯಾಗಿ ಹೋಗಿರಬೇಕಿತ್ತು.

ಇದಕ್ಕೆ ಸೇರಿದ ಇನ್ನೊಂದು ಕಾಯಿಲೆ ಪ್ರತಿ ಅಧ್ಯಾಯದ ಕೊನೆಗೂ ಒಂದು ಬೆಚ್ಚಿಬೀಳಿಸುವ ಸಾಲು ಇಡುವುದು. ವಾರಪತ್ರಿಕೆಯ ಧಾರಾವಾಹಿಗೆ ಇದು ಅನಿವಾರ್ಯವಾಗಿತ್ತು. ಓದುಗರನ್ನು ಮುಂದಿನ ಸಂಚಿಕೆಯವರೆಗೆ ಹಿಡಿದಿಡಬೇಕಿತ್ತು. ಪುಸ್ತಕದಲ್ಲಿ ಒಂದೇ ರಾತ್ರಿ ಓದುವಾಗ ಅದೇ ತಂತ್ರ ದಣಿಸುತ್ತದೆ. ಪ್ರತಿ ಆವರ್ತನಕ್ಕೂ ಒಂದು ತಿಹಾಯಿ ಹಾಕುವ ತಬಲಾದವರ ಜೊತೆ ಯಾವ ಗಾಯಕರೂ ಹಾಡಲು ಒಪ್ಪುವುದಿಲ್ಲ. ನಾಲ್ಕೈದು ಅಧ್ಯಾಯಕ್ಕೊಂದು ಬಿಗಿಯಾದ ಕೊನೆ ಸಾಕು. ಉಳಿದವು ಸುಮ್ಮನೆ ಮುಗಿದು ಮುಂದಿನದಕ್ಕೆ ಹರಿಯಲಿ.

ಹಾಗಾದರೆ ನಿಧಾನದ ಅಧ್ಯಾಯಗಳಲ್ಲಿ ಓದುವವರನ್ನು ಹಿಡಿದಿಡುವುದು ಹೇಗೆ? ಇದಕ್ಕೆ ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆ ಎಂಬ ಪರಂಪರೆಯವರು ನಿಧಾನವಾಗಿ ಹಾಡುವ ಬಡಾ ಖಯಾಲ್‌ಗಿಂತ ಒಳ್ಳೆಯ ಗುರುವಿಲ್ಲ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ವಿಲಂಬಿತ (ನಿಧಾನಗತಿಯ) ಏಕತಾಲದ ಧ್ವನಿಮುದ್ರಣ ಹಾಕಿಕೊಂಡು ಕೇಳಿ. ಏಕತಾಲಕ್ಕೆ 12 ಮಾತ್ರೆ. ಅತಿವಿಲಂಬಿತದಲ್ಲಿ ಒಂದು ಮಾತ್ರೆಗೇ ನಾಲ್ಕೈದು ಸೆಕೆಂಡು ಹಿಡಿಯಬಹುದು, ಅಂದರೆ ಒಂದು ಆವರ್ತನಕ್ಕೆ ಸುಮಾರು ಒಂದು ನಿಮಿಷ. ಅಷ್ಟು ನಿಧಾನದಲ್ಲೂ ಸಮ ಕಳೆದುಹೋಗುವುದಿಲ್ಲ. ಯಾಕೆಂದರೆ ಠೇಕಾದಲ್ಲಿ, ಅಂದರೆ ಆ ತಾಳಕ್ಕೆ ಗೊತ್ತಾದ ತಬಲಾ ಪೆಟ್ಟುಗಳ ಸಾಲಿನಲ್ಲಿ, ಗುರುತಿನ ಕಲ್ಲುಗಳಿವೆ. ಧಿಂ ಧಿಂ ಧಾಗೆ ತಿರಕಿಟ, ತೂ ನಾ ಕತ್ ತಾ, ಧಾಗೆ ತಿರಕಿಟ ಧೀ ನಾ. ‘ತಿರಕಿಟ’ ಬರುವುದು 4ನೆಯ ಮತ್ತು 10ನೆಯ ಮಾತ್ರೆಯಲ್ಲಿ. ಎರಡನೆಯ ತಿರಕಿಟ ಕೇಳಿತೆಂದರೆ ಇನ್ನು ಎರಡೇ ಮಾತ್ರೆ ಉಳಿದಿದೆ, ಗಾಯಕರು ಮುಖಡಾ, ಅಂದರೆ ಹಾಡಿನ ಮೊದಲ ತುಣುಕು, ಎತ್ತಿಕೊಳ್ಳಬೇಕು, ಸಮ ಬರುತ್ತಿದೆ.

ನಮ್ಮ ಹೆಂಚಿನ ಮನೆಗೆ ಕೊನೆಯ ಬಸ್ಸು ಆ ತಿರಕಿಟದ ಕೆಲಸ ಮಾಡಬಲ್ಲದು. ರಾತ್ರಿ ಒಂಬತ್ತು ನಲವತ್ತಕ್ಕೆ ಬಸ್ಸು ಅಕ್ಕಿ ಗಿರಣಿಯ ತಿರುವಿನಲ್ಲಿ ಹಾರನ್ ಹೊಡೆಯುತ್ತದೆ. ಎರಡು ನಿಮಿಷದ ನಂತರ ಗೇಟಿನ ಮುಂದೆ ಹಾದು ಹೋಗುತ್ತದೆ, ಹೆಡ್‌ಲೈಟಿನ ಬೆಳಕು ಜಗಲಿಯ ಗೋಡೆಯ ಮೇಲೆ ಒಮ್ಮೆ ಹರಿಯುತ್ತದೆ. ಮೊದಲ ಹತ್ತು ಅಧ್ಯಾಯದಲ್ಲಿ ಇದನ್ನು ಮೂರು ಕಡೆ, ಬೇರೆ ಮಾತಿನ ನಡುವೆ, ಒಂದೊಂದೇ ವಾಕ್ಯದಲ್ಲಿ ಇಡಿ. ಕೊನೆಗೆ ಜಗಲಿಯ ಕತ್ತಲಲ್ಲಿ ಮಗಳು ಅಡಗಿ ನಿಂತಿರುವಾಗ ಹಾರನ್ ಕೇಳಿಸಲಿ. ಎರಡು ನಿಮಿಷದಲ್ಲಿ ಬೆಳಕು ಅವಳ ಮೇಲೆ ಬೀಳುತ್ತದೆಂದು ನೀವು ಹೇಳಬೇಕಾಗಿಲ್ಲ. ಆ ಎರಡು ನಿಮಿಷವನ್ನು ಎರಡು ಪುಟ ಎಳೆಯುವ ಹಕ್ಕು ನಿಮಗೆ ಸಿಕ್ಕಿರುತ್ತದೆ. ಠೇಕಾ ಇಟ್ಟಿರದಿದ್ದರೆ ಅದೇ ಎರಡು ಪುಟ ಎಳೆತವೆನ್ನಿಸುತ್ತದೆ.

ಈಗ ತಂಬೂರಿಯ ವಿಷಯ. ನನ್ನ ಮಟ್ಟಿಗೆ ಇಡೀ ಉಪನ್ಯಾಸದಲ್ಲಿ ಎಲ್ಲಕ್ಕಿಂತ ಮುಖ್ಯ ಇದು. ಮಾರ್ವಾ ರಾಗದಲ್ಲಿ ಪಂಚಮ, ಅಂದರೆ ‘ಪ’ ಸ್ವರವೇ ಇಲ್ಲ. ಕೋಮಲ ರಿಷಭದ ಮೇಲೂ ಧೈವತದ ಮೇಲೂ ಗಾಯಕರು ನಿಲ್ಲುತ್ತಾರೆ, ಎಲ್ಲ ಸ್ವರಗಳಿಗೂ ಮನೆಯಂತಿರುವ ಷಡ್ಜವನ್ನು, ಅಂದರೆ ‘ಸ’ವನ್ನು, ಬಹಳ ಹೊತ್ತು ಮುಟ್ಟುವುದಿಲ್ಲ. ಸೂರ್ಯ ಮುಳುಗುವ ಹೊತ್ತಿನ ರಾಗ. ಕೇಳುತ್ತ ಕೂತರೆ ಮನೆ ಸೇರದ ತಳಮಳ. ಆದರೆ ಹಿಂದೆ ತಂಬೂರಿ ನುಡಿಯುತ್ತಲೇ ಇದೆ. ಪಂಚಮವಿಲ್ಲದ ರಾಗವೆಂದು ಒಂದು ತಂತಿಯನ್ನು ಧೈವತಕ್ಕೋ ನಿಷಾದಕ್ಕೋ ಕೂಡಿಸಿರುತ್ತಾರೆ, ಉಳಿದ ಮೂರು ತಂತಿ ಷಡ್ಜವನ್ನೇ ಮೀಟುತ್ತಿರುತ್ತವೆ. ಗಾಯಕರು ತಪ್ಪಿಸಿಕೊಂಡು ಹೋಗುತ್ತಿರುವ ಸ್ವರ ನಮ್ಮ ಕಿವಿಯಲ್ಲಿ ಒಂದು ಕ್ಷಣವೂ ಬಿಡದೆ ನುಡಿಯುತ್ತಿರುತ್ತದೆ. ತಂಬೂರಿ ನಿಲ್ಲಿಸಿಬಿಟ್ಟರೆ ಮಾರ್ವಾದ ತಳಮಳ ಅರ್ಧ ಸತ್ತುಹೋಗುತ್ತದೆ, ಯಾವುದರಿಂದ ದೂರವಿದ್ದೇವೆ ಎಂಬುದೇ ತಿಳಿಯದಾಗುತ್ತದೆ.

ಸಸ್ಪೆನ್ಸ್ ಕಾದಂಬರಿಯ ಷಡ್ಜ ಎಂದರೆ ಆ ಮನೆಯ ಸಾಧಾರಣ ದಿನ. ಬೆಳಗಿನ ಕಾಫಿ, ಅಡಿಕೆ ಸುಲಿಯುವವರ ಮಾತು, ಹಾಲಿನ ಡೇರಿಯ ಲೆಕ್ಕದ ಪುಸ್ತಕ. ಮೊದಲ ಪುಟದಿಂದಲೇ ಕತ್ತಲು, ಮಳೆ, ಗೂಬೆ ಎಂದು ಶುರು ಮಾಡುವ ಕಾದಂಬರಿಗೆ ಷಡ್ಜವೇ ಇರುವುದಿಲ್ಲ. ಕತೆ ಎಷ್ಟೇ ಬಿಗಿಯಾದರೂ ಆರೇಳು ಪುಟಕ್ಕೊಮ್ಮೆ ಆ ಸಾಧಾರಣ ಬದುಕು ಒಂದು ವಾಕ್ಯದಲ್ಲಾದರೂ ನುಡಿಯಬೇಕು. ಶವ ಸಿಕ್ಕಿದ ಬೆಳಿಗ್ಗೆಯೂ ಡೇರಿಯವನು ಕ್ಯಾನು ಇಡಲು ಬರುತ್ತಾನೆ.

ಮಾರ್ವಾದಿಂದ ಇನ್ನೊಂದು ಪಾಠವಿದೆ, ಇದು ಪತ್ತೇದಾರಿ ಬರೆಯುವವರಿಗೆ ನೇರ ಉಪಯೋಗ. ಮಾರ್ವಾ, ಪೂರಿಯಾ, ಸೋಹನಿ ಮೂರಕ್ಕೂ ಸ್ವರಗಳು ಅವೇ ಆರು: ಷಡ್ಜ, ಕೋಮಲ ರಿಷಭ, ಶುದ್ಧ ಗಾಂಧಾರ, ತೀವ್ರ ಮಧ್ಯಮ, ಶುದ್ಧ ಧೈವತ, ಶುದ್ಧ ನಿಷಾದ. ಒಂದು ಸ್ವರವೂ ಹೆಚ್ಚುಕಡಿಮೆಯಿಲ್ಲ. ಮಾರ್ವಾ ರಿಷಭ–ಧೈವತಗಳ ಮೇಲೆ ನಿಲ್ಲುತ್ತದೆ. ಪೂರಿಯಾ ಗಾಂಧಾರ–ನಿಷಾದಗಳ ಮೇಲೆ ನಿಂತು ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ, ಓಡಾಡುತ್ತದೆ. ಸೋಹನಿ ತಾರಸ್ಥಾಯಿಯ (ಮೇಲಿನ ಸ್ಥಾಯಿಯ) ಷಡ್ಜದ ಸುತ್ತ ಚುರುಕಾಗಿ ಸುಳಿಯುತ್ತದೆ. ಎಲ್ಲಿ ನಿಲ್ಲುತ್ತೀರಿ ಎಂಬುದರ ಮೇಲೆ ರಾಗವೇ ಬದಲಾಗುತ್ತದೆ.

ನ್ಯಾಯವಾದ ಪತ್ತೇದಾರಿ ಕತೆಯಲ್ಲಿ ಸುಳಿವುಗಳೆಲ್ಲ ಓದುಗರ ಮುಂದೆಯೇ ಇರಬೇಕು, ಸುಳ್ಳು ಸುಳಿವು ಕೊಡಬಾರದು. ಆದರೂ ಅನುಮಾನ ಬೇರೆಯವರ ಮೇಲೆ ಹೋಗಬೇಕು. ನಿಲುಗಡೆಯಿಂದ ಅದು ಸಾಧ್ಯ. ಹೀಗೆ ಮಾಡಿ: ಒಂದು ಹಾಳೆಯಲ್ಲಿ ಆರು ಸುಳಿವು ಬರೆಯಿರಿ. ಪ್ರತಿಯೊಂದರ ಎದುರಿಗೆ ಕಾದಂಬರಿಯಲ್ಲಿ ಅದಕ್ಕೆ ಎಷ್ಟು ಸಾಲು ಕೊಟ್ಟಿದ್ದೀರಿ, ಪ್ಯಾರಾದ ಯಾವ ಜಾಗದಲ್ಲಿ ಕೊಟ್ಟಿದ್ದೀರಿ ಎಂದು ಗುರುತಿಸಿ. ತಪ್ಪು ದಾರಿಗೆ ಒಯ್ಯುವ ಎರಡು ಸುಳಿವಿಗೆ ಐದಾರು ಸಾಲು, ಪ್ಯಾರಾದ ಕೊನೆಯ ಜಾಗ. ನಿಜವಾದ ಎರಡಕ್ಕೆ ಅರ್ಧ ಸಾಲು, ಬೇರೆ ವಸ್ತುಗಳ ಸಾಲಿನ ಮಧ್ಯೆ. ಕೊನೆಯಲ್ಲಿ ಪತ್ತೇದಾರ ಹೊಸ ಸ್ವರ ಸೇರಿಸುವುದಿಲ್ಲ, ಅವೇ ಆರನ್ನು ಬೇರೆ ಕಡೆ ನಿಂತು ಹಾಡುತ್ತಾನೆ. ಇಲ್ಲಿ ಏಳನೆಯ ಸ್ವರ ತಂದರೆ, ಅಂದರೆ ಓದುಗರು ಕೇಳಿಯೇ ಇರದ ಅವಳಿ ತಮ್ಮನೋ ವಿಷದ ಬಾಟಲಿಯೋ ಬಂದರೆ, ಅವರು ಸಿಟ್ಟಾಗುವುದು ಸರಿಯೇ.

ಕನ್ನಡ ವಾಕ್ಯಕ್ಕೆ ಈ ಕೆಲಸದಲ್ಲಿ ಹುಟ್ಟಿನಿಂದಲೇ ಬಂದ ಅನುಕೂಲವೊಂದಿದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಆಗಲಿಲ್ಲ ಎಂಬ ನಿಷೇಧವೂ ಅದರ ಬಾಲದಲ್ಲೇ ಇರುತ್ತದೆ. ‘ಜಗಲಿಯ ಆರಾಮ ಕುರ್ಚಿಯಲ್ಲಿ ಪೇಪರ್ ಮುಖದ ಮೇಲೆ ಹಾಕಿಕೊಂಡು ಮಲಗಿದ್ದ ಮಾವ ಉಸಿರಾಡುತ್ತಿರಲಿಲ್ಲ’ ಎನ್ನುವಾಗ ಇಡೀ ವಾಕ್ಯ ‘ಲಿಲ್ಲ’ ಎಂಬ ಒಂದು ತುದಿಯ ಮೇಲೆ ತಿರುಗುತ್ತದೆ. ಅದು ಸಮ. ಹಾಗೆಯೇ ಕ್ರಿಯಾಪದದ ಹತ್ತಿರ ಇರುವ ಪದಕ್ಕೆ ಒತ್ತು ಹೆಚ್ಚು, ವಾಕ್ಯದ ನಡುವೆ ಹುದುಗಿದ ಪದಕ್ಕೆ ಕಡಿಮೆ. ಸುಳಿವು ಅಡಗಿಸುವುದಕ್ಕೆ ನಡುವಿನ ಜಾಗ ಹೇಳಿ ಮಾಡಿಸಿದಂತಿದೆ.

ಬಹಳ ಜನ ಭಯದ ಪ್ರಸಂಗ ಬಂದ ಕೂಡಲೇ ಗಿಡ್ಡ ವಾಕ್ಯಗಳಿಗೆ ಇಳಿಯುತ್ತಾರೆ. ‘ಬಾಗಿಲು ತೆರೆದಿತ್ತು. ದೀಪ ಆರಿತ್ತು. ನಾಯಿ ಬೊಗಳಲಿಲ್ಲ. ಮನೆಯೊಳಗೆ ಸದ್ದಿಲ್ಲ.’ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಮಾತ್ರೆ ಎಣಿಸಿ: 9, 8, 9, 10. ನಾಲ್ಕೂ ಹೆಚ್ಚುಕಡಿಮೆ ಒಂದೇ ಅಳತೆ. ಮೂರನೆಯದಕ್ಕೆ ಕಿವಿ ಒಗ್ಗಿಹೋಗುತ್ತದೆ, ನಾಲ್ಕನೆಯದನ್ನು ಕಣ್ಣು ಓದುತ್ತದೆ, ಮನಸ್ಸು ಓದುವುದಿಲ್ಲ. ಎರಡು ಗಿಡ್ಡ ವಾಕ್ಯದಲ್ಲಿ ತಾಳ ಹಿಡಿಸಿ, ಮೂರನೆಯದನ್ನು ಬಿಚ್ಚಿ ನೋಡಿ:

‘ಬಾಗಿಲು ತೆರೆದಿತ್ತು. ದೀಪ ಆರಿತ್ತು. ಅಪರಿಚಿತರು ಗೇಟಿನ ಹತ್ತಿರ ಸುಳಿದರೂ ಕೇರಿಯನ್ನೇ ಎಬ್ಬಿಸುವ ನಾಯಿ, ಮೆಟ್ಟಿಲ ಮೇಲೆ ಮುಂಗಾಲಿಗೆ ಮೂತಿಯಿಟ್ಟು, ಒಳಗೆ ಓಡಾಡುತ್ತಿದ್ದ ಹೆಜ್ಜೆಸಪ್ಪಳಕ್ಕೆ ಕಿವಿಗೊಟ್ಟು, ಬಾಲ ಆಡಿಸುತ್ತಿತ್ತು.’

ಒಳಗಿರುವವರು ಪರಿಚಿತರು ಎಂಬ ಸುದ್ದಿ ಕೊನೆಯ ಎರಡು ಪದದವರೆಗೆ ತಡೆದು ನಿಂತಿದೆ. ಮುಂಗಾಲು, ಮೂತಿ ಎನ್ನುವ ಹಂತದಲ್ಲಿ ನಾಯಿ ಸತ್ತಿದೆಯೋ ಎಂಬ ಅನುಮಾನಕ್ಕೂ ಜಾಗವಿತ್ತು.

ನಮ್ಮ ಛಂದಸ್ಸು ಈ ನಡೆಗಳನ್ನು ಮೊದಲೇ ವಿಂಗಡಿಸಿಟ್ಟಿದೆ. ಉತ್ಸಾಹ ರಗಳೆಯ ಮೂರರ ಗಣ ಓಡುತ್ತದೆ. ಭಾಮಿನಿ ಷಟ್ಪದಿಯ ಮೂರು–ನಾಲ್ಕರ ಗಣ, ಅಂದರೆ ಮಿಶ್ರಛಾಪು ತಾಳದ ಏಳರ ನಡೆ, ಹೆಜ್ಜೆಗೊಮ್ಮೆ ಸ್ವಲ್ಪ ಓಲುತ್ತದೆ. ಗಮಕಿಗಳು ಕುಮಾರವ್ಯಾಸನನ್ನು ಓದುವುದನ್ನು ಕೇಳಿದರೆ ಆ ಓಲಾಟದಲ್ಲೇ ಮುಂದಿನದರ ಸೆಳೆತ ಇರುವುದು ತಿಳಿಯುತ್ತದೆ. ಗದ್ಯವನ್ನು ಛಂದಸ್ಸಿನಲ್ಲಿ ಬರೆಯಲು ಹೋಗಬೇಡಿ, ಓದುಗರು ಅರ್ಥ ಬಿಟ್ಟು ರಾಗ ಎಳೆಯಲು ಶುರು ಮಾಡುತ್ತಾರೆ. ಕಿವಿ ಪಳಗಲಿ, ಸಾಕು.

ಮರೆಯಲ್ಲಿಟ್ಟು ತೋರಿಸುವುದನ್ನು ಕಲಿಯಬೇಕಿದ್ದರೆ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವುದನ್ನು ನೋಡಿ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಚೆಂಡೆ ಏರುತ್ತದೆ. ತೆರೆಯ ಹಿಂದಿನಿಂದ ರಕ್ಕಸನ ಅಬ್ಬರ ಕೇಳಿಸುತ್ತದೆ; ಕಿರೀಟದ ತುದಿ ಕಾಣುತ್ತದೆ, ಕೈ ಕಾಣುತ್ತದೆ, ಬೆನ್ನು ಕಾಣುತ್ತದೆ, ಮುಖ ಕಾಣುವುದಿಲ್ಲ. ಬರುತ್ತಿರುವುದು ಯಾರೆಂದು ಪ್ರಸಂಗ ಬಲ್ಲ ಪ್ರತಿಯೊಬ್ಬರಿಗೂ ಗೊತ್ತು. ಆದರೂ ತೆರೆ ಜಾರುವ ಹೊತ್ತಿಗೆ ಮಕ್ಕಳು ಅಮ್ಮನ ಮಡಿಲಿಗೆ ಸರಿದಿರುತ್ತಾರೆ. ಇಲ್ಲಿ ಕಲಿಯಬೇಕಾದದ್ದು ಕ್ರಮ: ಮೊದಲು ಸದ್ದು, ಆಮೇಲೆ ಅಂಚು, ಕೊನೆಗೆ ಮುಖ. ಕಾದಂಬರಿಯಲ್ಲಿ ಹೆಚ್ಚಿನವರು ಮುಖವನ್ನು ಮೊದಲೇ ವರ್ಣಿಸಿ, ಆಮೇಲೆ ಧ್ವನಿ ಹೇಗಿತ್ತೆಂದು ಹೇಳುತ್ತಾರೆ. ತಿರುಗಿಸಿ ಬರೆದು ನೋಡಿ, ಅದೇ ಪದಗಳು ಬೇರೆಯೇ ಕೆಲಸ ಮಾಡುತ್ತವೆ.

ಇನ್ನು ವೇಗ. ಕರ್ನಾಟಕ ಸಂಗೀತದ ರಾಗ ತಾನ ಪಲ್ಲವಿಯಲ್ಲಿ ಪಲ್ಲವಿಯ ಸಾಲನ್ನು ತ್ರಿಕಾಲ ಮಾಡುವುದುಂಟು. ಕೈಯ ತಾಳ ಹಾಗೇ ಇರುತ್ತದೆ. ಅದೇ ಸಾಲನ್ನು ಒಂದನೆಯ ಕಾಲದಲ್ಲಿ, ಇಮ್ಮಡಿ ವೇಗದಲ್ಲಿ, ನಾಲ್ಮಡಿ ವೇಗದಲ್ಲಿ ಹಾಡುತ್ತಾರೆ. ನಾಲ್ಮಡಿಯಲ್ಲಿ ಹಾಡಿದಾಗಲೂ ಪ್ರತಿ ಅಕ್ಷರ ನಮಗೆ ಸ್ಪಷ್ಟವಾಗಿ ಕೇಳಿಸಿತು ಅನ್ನಿಸುತ್ತದೆ, ಯಾಕೆಂದರೆ ನಿಧಾನಕಾಲದಲ್ಲಿ ಅದು ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹೆಂಚಿನ ಮನೆಯ ಅಟ್ಟದ ಏಣಿಗೆ ಹನ್ನೊಂದು ಮೆಟ್ಟಿಲು, ಏಳನೆಯದು ಸಡಿಲ ಎಂದು ನಾಲ್ಕನೆಯ ಅಧ್ಯಾಯದಲ್ಲಿ, ಮಗಳು ಅಪ್ಪನ ಹಳೆಯ ಟ್ರಂಕು ಇಳಿಸುವಾಗ, ಒಂದು ಇಡೀ ಪುಟದಲ್ಲಿ ಬರೆದಿದ್ದರೆ, ಕೊನೆಯ ಬೆನ್ನಟ್ಟುವಿಕೆಯಲ್ಲಿ ‘ಆರು ಮೆಟ್ಟಿಲು ಹತ್ತಿ ಎಂಟನೆಯದಕ್ಕೆ ಕಾಲಿಟ್ಟಳು. ಕೆಳಗೆ ಅವನು ಎಣಿಸಲಿಲ್ಲ’ ಎಂದರೆ ಮುಗಿಯಿತು. ತ್ರಿಕಾಲದಲ್ಲಿ ವೇಗ ಹೆಚ್ಚಿದಾಗ ಸಾಹಿತ್ಯ ಬದಲಾಗುವುದಿಲ್ಲ. ಹಾಗೆಯೇ ವೇಗದ ಪುಟಗಳಲ್ಲಿ ಹೊಸ ಬಾಗಿಲು, ಹೊಸ ಆಯುಧ, ಹೊಸ ಮನುಷ್ಯ ಬರಕೂಡದು. ಬಂದರೆ ಅದನ್ನು ವರ್ಣಿಸಬೇಕಾಗುತ್ತದೆ, ವರ್ಣಿಸಿದರೆ ಲಯ ಬೀಳುತ್ತದೆ. ಕೈಯಲ್ಲಿರುವ ಪ್ರತಿಯ ಕೊನೆಯ ಹದಿನೈದು ಪುಟ ತೆಗೆದು, ಮೊದಲ ಬಾರಿಗೆ ಕಾಣಿಸಿಕೊಳ್ಳುವ ವಸ್ತುಗಳಿಗೆಲ್ಲ ಕೆಂಪು ಗೆರೆ ಎಳೆಯಿರಿ. ಪ್ರತಿಯೊಂದಕ್ಕೂ ಹಿಂದೆ ಎಲ್ಲಾದರೂ ಒಂದು ನಿಧಾನಕಾಲದ ಜಾಗ ಹುಡುಕಲೇಬೇಕು.

ಬರೆಯುವಾಗ ಸಂಗೀತ ಕೇಳಬೇಕೇ ಎಂಬ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ಸಾಹಿತ್ಯವಿರುವ ಹಾಡು ಬೇಡ ಎಂಬುದಕ್ಕೆ ಕಾರಣವಿದೆ. ಸಲಾಮೆ ಮತ್ತು ಬ್ಯಾಡ್ಲಿ ಎಂಬ ಮನಶ್ಶಾಸ್ತ್ರಜ್ಞರು 1982ರಲ್ಲಿ ಪ್ರಕ‌ಟಿಸಿದ ಪ್ರಯೋಗಗಳಲ್ಲಿ, ಗಮನ ಕೊಡದೆ ಕಿವಿಗೆ ಬೀಳುವ ಮಾತು ಕೂಡ ಆ ಕ್ಷಣದ ನೆನಪನ್ನು ಕೆಡಿಸುತ್ತದೆಂದು ಕಂಡರು. 1989ರಲ್ಲಿ ಹಾಡಿದ ಸಂಗೀತ ಬರೀ ವಾದ್ಯ ಸಂಗೀತಕ್ಕಿಂತ ಹೆಚ್ಚು ಅಡ್ಡಿ ಮಾಡುತ್ತದೆಂದು ತೋರಿಸಿದರು. ವಾಕ್ಯ ಕಟ್ಟುವಾಗ ಅದರ ಮೊದಲರ್ಧವನ್ನು ನಾವು ಹಿಡಿದಿಟ್ಟುಕೊಳ್ಳುವುದು ಅದೇ ಕ್ಷಣದ ನೆನಪಿನಲ್ಲಿ. ಕ್ರಿಯಾಪದಕ್ಕಾಗಿ ಕೊನೆಯವರೆಗೆ ಕಾಯುವ ಕನ್ನಡ ವಾಕ್ಯಕ್ಕೆ ಇದರ ಬಾಧೆ ಜಾಸ್ತಿಯೇ ಇರಬೇಕೆಂದು ನನ್ನ ಊಹೆ.

ವಾದ್ಯ ಸಂಗೀತದಲ್ಲಿ ಬೇರೊಂದು ಅಪಾಯವಿದೆ. ಹೆಡ್‌ಫೋನಿನಲ್ಲಿ ಭಯ ಹುಟ್ಟಿಸುವ ಸಂಗೀತ ಹಾಕಿಕೊಂಡು ಬರೆದರೆ ಬರೆಯುವವರ ಎದೆ ಬಡಿದುಕೊಳ್ಳುತ್ತದೆ, ಆ ಬಡಿತ ಪುಟದಿಂದ ಬಂತೆಂದು ಭ್ರಮೆಯಾಗುತ್ತದೆ. ಮರುದಿನ ಓದಿದರೆ ಪುಟ ಸಪ್ಪೆ. ಅದಕ್ಕೆ ಹೊತ್ತು ಹಂಚಿಕೊಳ್ಳುವುದು ಒಳ್ಳೆಯದು. ಕತೆಯ ನಕ್ಷೆ ಹಾಕುವ ಮುಂಚೆ ಒಂದು ಪೂರ್ತಿ ವಿಲಂಬಿತ ಖಯಾಲ್ ಅಥವಾ ಪಲ್ಲವಿಯನ್ನು ತಾಳ ಹಾಕಿಕೊಂಡು ಕೇಳಿ. ಎಲ್ಲಿ ಮನಸ್ಸು ಬಿಗಿಯಿತು, ಎಷ್ಟು ಆವರ್ತನದ ನಂತರ ಎಂದು ಗುರುತು ಹಾಕಿಕೊಳ್ಳಿ. ಬರೆಯುವಾಗ ಬೇಕಿದ್ದರೆ ಬರೀ ತಂಬೂರಿ, ಫ್ಯಾನಿನ ಸದ್ದಿಗಿಂತ ಕೆಳಗೆ. ತಿದ್ದುವಾಗ ಯಾವ ಸದ್ದೂ ಬೇಡ, ಬಾಯಿಬಿಟ್ಟು ಓದಿ. ಉಸಿರು ಸಾಲದೆ ನಿಂತ ಜಾಗಕ್ಕೆಲ್ಲ ಒಂದು ಗೆರೆ. ಆ ಗೆರೆ ನೀವು ಬೇಕೆಂದೇ ತಡೆದ ಜಾಗದಲ್ಲಿ ಬಿದ್ದಿದ್ದರೆ ಸರಿ. ಬೇರೆಡೆ ಬಿದ್ದಿದ್ದರೆ ವಾಕ್ಯ ಒಡೆಯಿರಿ.

ಕೊನೆಯದಾಗಿ, ಕತೆಯೊಳಗೇ ಒಂದು ಹಾಡು ಬಂದರೆ. ‘ದೂರದಲ್ಲಿ ಮಾರ್ವಾ ಕೇಳಿಬರುತ್ತಿತ್ತು’ ಎಂದು ಬರೆದರೆ ಮಾರ್ವಾ ಗೊತ್ತಿಲ್ಲದವರಿಗೆ ಏನೂ ಆಗುವುದಿಲ್ಲ. ಹಾಡು ಕತೆಯ ಕೆಲಸ ಮಾಡಬೇಕು. ಫ್ರಿಟ್ಜ್ ಲಾಂಗ್ ಅವರ 1931ರ ಜರ್ಮನ್ ಚಿತ್ರ ‘ಎಂ’ನಲ್ಲಿ ಕೊಲೆಗಾರ ನಾರ್ವೆಯ ಸಂಗೀತಕಾರ ಗ್ರೀಗ್‌ನ ಒಂದು ಧಾಟಿಯನ್ನು ಶಿಳ್ಳೆ ಹಾಕುತ್ತಾನೆ, ಅದನ್ನು ಗುರುತು ಹಿಡಿಯುವುದು ಬಲೂನು ಮಾರುವ ಕುರುಡ. ನೋಡಿದವರು ಯಾರೂ ಹಿಡಿಯದವನನ್ನು ಕೇಳಿದವನು ಹಿಡಿಯುತ್ತಾನೆ. ಪುಟದ ಮೇಲೂ ಹೀಗೇ: ರಾಗದ ಹೆಸರಿಗಿಂತ ಯಾರು ಗುನುಗುತ್ತಾರೆ, ಎಲ್ಲಿ ತಪ್ಪುತ್ತಾರೆ, ಯಾವ ಸಾಲಿಗೆ ನಿಲ್ಲಿಸುತ್ತಾರೆ ಎಂಬುದನ್ನು ಬರೆಯಿರಿ.

ಸಿನಿಮಾ ಹಾಡಿನ ಸಾಲು ಹಾಕುವ ಮುಂಚೆ ಹಕ್ಕಿನ ವಿಚಾರ ಗಮನದಲ್ಲಿರಲಿ. ನಮ್ಮ ಕಾನೂನಿನಲ್ಲಿ ಕವಿಯ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಸಾಹಿತ್ಯಕ್ಕೆ ಹಕ್ಕುಸ್ವಾಮ್ಯವಿದೆ. ನಾಲ್ಕು ಸಾಲಿಗಿಂತ ಕಡಿಮೆಯಾದರೆ ಅನುಮತಿ ಬೇಡ ಎಂದು ಜನ ಹೇಳುವ ಲೆಕ್ಕ ಕಾನೂನಿನಲ್ಲಿ ಎಲ್ಲೂ ಇಲ್ಲ. ಹಾಡಿನ ಹೆಸರು ಹೇಳುವುದಕ್ಕೆ ಅಡ್ಡಿಯಿಲ್ಲ, ಸಾಲು ಹಾಕುವುದಿದ್ದರೆ ಅನುಮತಿ ಪಡೆಯಿರಿ.

ದಾಸರ ಪದಗಳಿಗೆ ಈ ತೊಡಕಿಲ್ಲ, ಮೇಲಾಗಿ ಅವು ಓದುಗರ ಕಿವಿಯಲ್ಲಿ ಆಗಲೇ ಇವೆ. ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಪದದ ಮೊದಲ ಚರಣದಲ್ಲಿ ಲಕ್ಷ್ಮಿ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ, ಕಾಲ ಗೆಜ್ಜೆಯ ಸದ್ದು ಮಾಡುತ್ತ ಬರುತ್ತಾಳೆ. ಹೆಂಚಿನ ಮನೆಯಲ್ಲಿ ಶುಕ್ರವಾರ ಸಂಜೆ ಅತ್ತೆ ದೀಪ ಹಚ್ಚಿ ಪಲ್ಲವಿ ಹೇಳಿ, ಚರಣ ಎತ್ತಿಕೊಳ್ಳಬೇಕಾದ ಕಡೆ ತಟ್ಟನೆ ನಿಲ್ಲಿಸಿ ಅಟ್ಟದತ್ತ ಕತ್ತೆತ್ತಿದರೆ, ಮುಂದಿನ ಸಾಲನ್ನು ನೀವು ಅಚ್ಚು ಹಾಕಿಸಬೇಕಾಗಿಲ್ಲ. ಒಂದು ಎಚ್ಚರಿಕೆ: ಈ ಪದಕ್ಕೆ ಪಾಠಾಂತರಗಳಿವೆ, ಧಾಟಿಯೂ ಮನೆಯಿಂದ ಮನೆಗೆ ಬೇರೆ. ಅತ್ತೆ ಯಾವ ಸೀಮೆಯವರೆಂದು ಬರೆದಿದ್ದೀರೋ ಆ ಸೀಮೆಯಲ್ಲಿ ಹೇಗೆ ಹೇಳುತ್ತಾರೆಂದು ಕೇಳಿಕೊಂಡು ಬರೆಯಿರಿ.